ಚಿತ್ರ ಚಲಿಸಿದರೆ ಮಾತು ಮೂಡೀತೇ? ಸಮನ್ವಯ ತರಗತಿಯ ಭಾಷಾ ಪಾಠಕ್ಕೆ ಚಲಿಸುವ ಚಿತ್ರಗಳು

ಒಂದನೇ ತರಗತಿಯ ಭಾಷಾ ಪಾಠವೆಂದರೆ ಗೋಡೆಯ ಮೇಲಿನ ಅಕ್ಷರಮಾಲೆಯ ಪಟ ಮತ್ತು ಪುಸ್ತಕದ ಬಣ್ಣದ ಚಿತ್ರಗಳು ಎಂಬುದು ಬಹುಕಾಲದಿಂದ ನಡೆದುಬಂದ ರೂಢಿ. ಅರಸನ ಚಿತ್ರ ತೋರಿಸಿ 'ಅ' ಎಂದೂ ಆನೆಯ ಚಿತ್ರ ತೋರಿಸಿ 'ಆ' ಎಂದೂ ಹೇಳಿಕೊಡುವ ಈ ಕ್ರಮ ನಾಮಪದಗಳ ಮಟ್ಟಿಗೆ ಚೆನ್ನಾಗಿಯೇ ಸಾಗುತ್ತದೆ. ಆದರೆ 'ಬೀಳು', 'ಏಳು', 'ಸುರಿ', 'ತಳ್ಳು', 'ಅಡಗು' ಮುಂತಾದ ಪದಗಳು ಬಂದೊಡನೆ ಪಟ ಮೂಕವಾಗುತ್ತದೆ. ಬಾಗಿಲ ಮೇಲೆ ಕೈಯಿಟ್ಟು ನಿಂತ ಹುಡುಗನ ಚಿತ್ರವನ್ನು ನೋಡಿದ ಮಗು, ಆತ ಬಾಗಿಲನ್ನು ತೆರೆಯುತ್ತಿದ್ದಾನೋ ಮುಚ್ಚುತ್ತಿದ್ದಾನೋ ಎಂಬುದನ್ನು ತಿಳಿಯುವುದು ಹೇಗೆ? ಮೆಟ್ಟಿಲ ಮೇಲೆ ನಿಂತವಳು ಹತ್ತುತ್ತಿದ್ದಾಳೋ ಇಳಿಯುತ್ತಿದ್ದಾಳೋ?

ಮನೆಯಲ್ಲಿ ಕನ್ನಡವನ್ನೇ ಆಡುವ, ಕಣ್ಣು ಕಿವಿ ಚೆನ್ನಾಗಿರುವ ಮಗುವಿಗೆ ಇದು ದೊಡ್ಡ ತೊಡಕಲ್ಲ. ಪದ ಅದಕ್ಕೆ ಮೊದಲೇ ಗೊತ್ತು. ಚಿತ್ರ ಕೇವಲ ನೆನಪಿಸುತ್ತದೆ. ಮನೆಮಾತು ಬೇರೆಯಾಗಿರುವ, ಕಿವಿ ಕೇಳದ ಅಥವಾ ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಗುವಿನ ಸ್ಥಿತಿ ಹಾಗಲ್ಲ. ಅದಕ್ಕೆ ಆ ಚಿತ್ರವೇ ಪದದ ಅರ್ಥಕ್ಕಿರುವ ದಾರಿ. ಆ ದಾರಿ ಮುಚ್ಚಿದರೆ ಮಗು ಸುಮ್ಮನೆ ಕುಳಿತುಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಆ ಮೌನಕ್ಕೆ 'ದಡ್ಡತನ' ಎಂಬ ಹೆಸರು ಬೀಳುತ್ತದೆ. ಚಲಿಸುವ ಚಿತ್ರಗಳನ್ನು ಭಾಷಾ ಪಾಠಕ್ಕೆ ತರುವ ವಿಚಾರ ಮಹತ್ವ ಪಡೆಯುವುದು ಈ ಕಾರಣದಿಂದಲೇ.

ಕಾನೂನು ಹೇಳುವುದೇನು?

ಎಲ್ಲ ಬಗೆಯ ಮಕ್ಕಳೂ ಒಂದೇ ಕೊಠಡಿಯಲ್ಲಿ ಕುಳಿತ ಮಾತ್ರಕ್ಕೆ ಅದು ಸಮನ್ವಯ ತರಗತಿಯಾಗುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಇದಕ್ಕೆ ಸ್ಪಷ್ಟವಾದ ವ್ಯಾಖ್ಯೆ ನೀಡಿದೆ. ಅಂಗವೈಕಲ್ಯವುಳ್ಳ ಮತ್ತು ಇಲ್ಲದ ವಿದ್ಯಾರ್ಥಿಗಳು ಜೊತೆಯಾಗಿ ಕಲಿಯಬೇಕು. ಅಷ್ಟೇ ಅಲ್ಲ, ಬೋಧನೆ ಹಾಗೂ ಕಲಿಕೆಯ ವ್ಯವಸ್ಥೆಯೇ ಆ ವಿದ್ಯಾರ್ಥಿಗಳ ಬೇರೆಬೇರೆ ಅಗತ್ಯಗಳಿಗೆ ತಕ್ಕಂತೆ ಹೊಂದಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಮಗು ಪಾಠಕ್ಕೆ ಹೊಂದಿಕೊಳ್ಳುವುದಲ್ಲ, ಪಾಠವೇ ಮಗುವಿಗೆ ಹೊಂದಿಕೊಳ್ಳುವುದು. 1995ರ ಹಳೆಯ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಅಧಿನಿಯಮ 21 ಬಗೆಗಳನ್ನು ಗುರುತಿಸಿದೆ. ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಈ ಪಟ್ಟಿಯಲ್ಲಿವೆ. ಬ್ರೈಲ್ ಮತ್ತು ಸಂಜ್ಞಾ ಭಾಷೆಯ ಜೊತೆಗೆ ಸಂವಹನದ ಪರ್ಯಾಯ ವಿಧಾನಗಳನ್ನೂ ಪ್ರೋತ್ಸಾಹಿಸಬೇಕೆಂದು ಇದೇ ಅಧಿನಿಯಮ ಸರ್ಕಾರಗಳಿಗೆ ವಿಧಿಸಿದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೊಂದು ನೆಲೆ ಮೊದಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಆರಂಭವಾದ 'ನಲಿ ಕಲಿ' ಪದ್ಧತಿಯಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ, ಸಣ್ಣ ಗುಂಪುಗಳಲ್ಲಿ, ಚಟುವಟಿಕೆ ಹಾಗೂ ಕಾರ್ಡುಗಳ ಮೂಲಕ ಕಲಿಯುತ್ತಾರೆ. ಇಡೀ ತರಗತಿಗೆ ಒಂದೇ ಪಾಠವನ್ನು ಒಂದೇ ವೇಗದಲ್ಲಿ ಒಪ್ಪಿಸುವ ಕಟ್ಟಳೆ ಅಲ್ಲಿಲ್ಲವಾದ್ದರಿಂದ, ಒಂದು ಗುಂಪಿಗೆ ಒಂದು ಮೊಬೈಲಿನಲ್ಲಿ ನಾಲ್ಕಾರು ಚಲಿಸುವ ಚಿತ್ರಗಳನ್ನು ತೋರಿಸುವುದು ಕಷ್ಟವೇನಲ್ಲ. ಪ್ರಶ್ನೆಯಿರುವುದು ಯಾವ ಚಿತ್ರವನ್ನು, ಯಾವಾಗ, ಹೇಗೆ ತೋರಿಸಬೇಕು ಎಂಬುದರಲ್ಲಿ.

ಸಂಶೋಧನೆಗಳ ತೀರ್ಮಾನ

ಮಕ್ಕಳು ಮೊದಲು ವಸ್ತುಗಳ ಹೆಸರನ್ನು, ಅನಂತರ ಕ್ರಿಯೆಗಳ ಹೆಸರನ್ನು ಕಲಿಯುತ್ತಾರೆ ಎಂದು ಅಮೆರಿಕದ ಮನೋವಿಜ್ಞಾನಿ ಡೆಡ್ರೆ ಗೆಂಟ್ನರ್ 1982ರಲ್ಲಿ ವಾದಿಸಿದರು. ಈ ಮಾತು ಜಗತ್ತಿನ ಎಲ್ಲ ಭಾಷೆಗಳಿಗೂ ಒಂದೇ ರೀತಿ ಅನ್ವಯಿಸುತ್ತದೆಯೇ ಎಂಬ ಚರ್ಚೆ ಅಂದಿನಿಂದಲೂ ನಡೆದಿದೆಯಾದರೂ, ಅದರ ಹಿಂದಿನ ತರ್ಕ ಸರಳವಾಗಿದೆ. ಮರ ಅಲ್ಲಿಯೇ ನಿಂತಿರುತ್ತದೆ, ಬೆರಳಿಟ್ಟು ತೋರಿಸಬಹುದು. 'ಬೀಳುವುದು' ಕ್ಷಣಾರ್ಧದಲ್ಲಿ ನಡೆದು ಮುಗಿದುಹೋಗುತ್ತದೆ. ತೋರಿಸುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ.

ಚಲಿಸುವ ಚಿತ್ರ ಈ ಕೊರತೆಯನ್ನು ತುಂಬಬಲ್ಲುದೇ? 2012ರಲ್ಲಿ ರಾಲ್ಫ್ ಶ್ಲಾಸರ್ ಮತ್ತು ಸಂಗಡಿಗರು, ಮಾತು ಬಾರದವರು ಸಂವಹನಕ್ಕೆ ಬಳಸುವ ಚಿತ್ರಸಂಕೇತಗಳನ್ನು ಶಾಲಾಪೂರ್ವ ವಯಸ್ಸಿನ ಮಕ್ಕಳಿಗೆ ತೋರಿಸಿ ಪರೀಕ್ಷಿಸಿದರು. ಕ್ರಿಯಾಪದಗಳ ಸಂಕೇತಗಳು ಚಲಿಸಿದಾಗ ಅವುಗಳ ಅರ್ಥವನ್ನು ಊಹಿಸುವುದೂ ಹೆಸರಿಸುವುದೂ ಮಕ್ಕಳಿಗೆ ಸುಲಭವಾಯಿತು. ಆದರೆ 'ಮೇಲೆ', 'ಒಳಗೆ' ಎಂಬಂಥ ಸ್ಥಾನಸೂಚಕ ಪದಗಳನ್ನು ಹೆಸರಿಸುವುದರಲ್ಲಿ ಚಲನೆಯಿಂದ ಅಂಥ ಲಾಭ ಕಂಡುಬರಲಿಲ್ಲ. ಹೆಸರು ಹೇಳಿ ಚಿತ್ರವನ್ನು ಗುರುತಿಸಲು ಕೇಳಿದಾಗಲೂ ಎರಡು ಬಗೆಯ ಚಿತ್ರಗಳ ನಡುವೆ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೂ ಮುನ್ನ, 2002ರಲ್ಲಿ ಬಾರ್ಬರಾ ಟ್ವೆರ್ಸ್ಕಿ ಹಾಗೂ ಅವರ ಸಹೋದ್ಯೋಗಿಗಳು ಅನಿಮೇಷನ್ ಕುರಿತ ಅಧ್ಯಯನಗಳನ್ನು ಪರಿಶೀಲಿಸಿ ಎಚ್ಚರಿಕೆಯ ಮಾತನ್ನಾಡಿದ್ದರು. ಅನಿಮೇಷನ್ ಗೆದ್ದಂತೆ ಕಾಣುವ ಅನೇಕ ಕಡೆಗಳಲ್ಲಿ ಅದು ಸ್ಥಿರ ಚಿತ್ರಕ್ಕಿಂತ ಹೆಚ್ಚಿನ ಮಾಹಿತಿಯನ್ನು ಹೊತ್ತಿರುತ್ತದೆ, ಹೋಲಿಕೆಯೇ ಸಮವಾಗಿರುವುದಿಲ್ಲ. ಮೇಲಾಗಿ ಚಲಿಸುವ ಚಿತ್ರಗಳು ನೋಡುಗನ ಗ್ರಹಣಶಕ್ತಿಯನ್ನು ಮೀರುವಷ್ಟು ವೇಗವಾಗಿಯೂ ಜಟಿಲವಾಗಿಯೂ ಇರುವುದುಂಟು ಎಂಬುದು ಅವರ ಅಭಿಪ್ರಾಯ. 2007ರಲ್ಲಿ ಜರ್ಮನಿಯ ಟಿಮ್ ಹೋಫ್ಲರ್ ಮತ್ತು ಡೆಟ್ಲೆವ್ ಲಾಯ್ಟ್ನರ್ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಲಿಸುವ ಚಿತ್ರಕ್ಕೆ ಸ್ಥಿರ ಚಿತ್ರಕ್ಕಿಂತ ಸಾಧಾರಣ ಮಟ್ಟದ ಮೇಲುಗೈ ಇರುವುದು ಕಂಡುಬಂತು. ಕೈಯಿಂದ ಮಾಡುವ ಕೆಲಸಗಳ ಕಲಿಕೆಯಲ್ಲಿ ಈ ಮೇಲುಗೈ ಬಹಳ ದೊಡ್ಡದಾಗಿತ್ತು. ಕೇವಲ ಅಲಂಕಾರಕ್ಕಾಗಿ ಹಾಕಿದ ಚಲನೆಯಿಂದ ಪ್ರಯೋಜನವೇ ಇರಲಿಲ್ಲ.

ಇವೆಲ್ಲವನ್ನೂ ಕೂಡಿಸಿದರೆ ಹೊರಡುವ ಸೂತ್ರ ಒಂದೇ: ಅರ್ಥವೇ ಚಲನೆಯಾಗಿರುವಲ್ಲಿ ಮಾತ್ರ ಚಿತ್ರ ಚಲಿಸಬೇಕು. 'ಆನೆ' ಎಂಬ ಪದವನ್ನು ಕಲಿಸಲು ಸೊಂಡಿಲು ಆಡಿಸುತ್ತ ನಡೆಯುವ ಆನೆ ಬೇಕಿಲ್ಲ. ಕನ್ನಡ ಬಾರದ ಮಗು ಅದನ್ನು ನೋಡಿ 'ಆನೆ' ಎಂದರೆ 'ನಡೆಯುವುದು' ಎಂದು ತಿಳಿದರೆ ತಪ್ಪು ಮಗುವಿನದಲ್ಲ.

ಕನ್ನಡಕ್ಕೆ ಇದರ ಉಪಯೋಗ

ಕನ್ನಡ ವಾಕ್ಯದ ಭಾರವೆಲ್ಲ ಅದರ ಕೊನೆಯಲ್ಲಿರುವ ಕ್ರಿಯಾಪದದ ಮೇಲೆ ಬೀಳುತ್ತದೆ. ಓಡುತ್ತಾನೆ, ಓಡುತ್ತಾಳೆ, ಓಡುತ್ತದೆ, ಓಡುತ್ತಾರೆ - ಕ್ರಿಯೆ ಒಂದೇ, ಓಡುವವರು ಬೇರೆ. ಹುಡುಗ, ಹುಡುಗಿ, ನಾಯಿ, ಹಲವು ಮಂದಿ ಒಂದೇ ರೀತಿ ಓಡುವ ನಾಲ್ಕು ಚಿತ್ರಗಳನ್ನು ಒಂದರ ನಂತರ ಒಂದರಂತೆ ತೋರಿಸಿದರೆ, ಬದಲಾಗದ 'ಓಡು' ಮತ್ತು ಬದಲಾಗುವ ಪ್ರತ್ಯಯ ಎರಡೂ ವ್ಯಾಕರಣದ ಹೆಸರೆತ್ತದೆಯೇ ಮಗುವಿನ ಕಿವಿಗೆ ಬೀಳುತ್ತವೆ. ಮನೆಯಲ್ಲಿ ಉರ್ದು ಮಾತನಾಡುವ ಮಗುವಿಗೆ ಇದು ವಿಶೇಷವಾಗಿ ಬೇಕಾಗುತ್ತದೆ. ಉರ್ದುವಿನಲ್ಲಿ ನಿರ್ಜೀವ ವಸ್ತುಗಳಿಗೂ ಪುಲ್ಲಿಂಗ ಸ್ತ್ರೀಲಿಂಗಗಳಿವೆ. ಪುಸ್ತಕವೂ ಅಲ್ಲಿ ಸ್ತ್ರೀಲಿಂಗ. ಕನ್ನಡದಲ್ಲಿ ಬಸ್ಸು, ಪುಸ್ತಕ, ನಾಯಿ ಎಲ್ಲವೂ ನಪುಂಸಕಲಿಂಗವಾಗಿ 'ಬರುತ್ತದೆ', 'ಬೀಳುತ್ತದೆ', 'ಓಡುತ್ತದೆ' ಎಂದಾಗುತ್ತವೆ.

ಎರಡನೆಯದು, 'ಉರುಳು' ಮತ್ತು 'ಉರುಳಿಸು', 'ಬೀಳು' ಮತ್ತು 'ಬೀಳಿಸು' ಎಂಬ ಜೋಡಿಗಳು. ಸ್ಥಿರ ಚಿತ್ರದಲ್ಲಿ ಇವನ್ನು ಬೇರ್ಪಡಿಸುವುದು ಕಷ್ಟ. ಚಲಿಸುವ ಚಿತ್ರದಲ್ಲಿ ಚೆಂಡು ತಾನಾಗಿಯೇ ಇಳಿಜಾರಿನಲ್ಲಿ ಹೋದರೆ 'ಉರುಳುತ್ತದೆ'. ಒಂದು ಕೈ ಬಂದು ಅದನ್ನು ತಳ್ಳಿದರೆ 'ಉರುಳಿಸುತ್ತಾಳೆ'. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೂರನೆಯದು ಅಕ್ಷರ ಬರವಣಿಗೆ. ಕನ್ನಡದ ದುಂಡು ಅಕ್ಷರಗಳಲ್ಲಿ ಗೆರೆ ಎಲ್ಲಿ ಆರಂಭವಾಗಿ ಯಾವ ಕಡೆಗೆ ಸುತ್ತಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅಚ್ಚಾದ ಅಕ್ಷರ ಹೇಳುವುದಿಲ್ಲ. ದ, ಧ, ಥಗಳ ನಡುವಿನ ಸಣ್ಣ ವ್ಯತ್ಯಾಸವೂ ಹಲವು ಮಕ್ಕಳ ಕಣ್ಣಿಗೆ ಜಾರಿಹೋಗುತ್ತದೆ. ಗೆರೆ ತಾನೇ ಮೂಡುತ್ತ ಹೋಗುವ ಚಿತ್ರ ಈ ಹಾದಿಯನ್ನು ತೋರಿಸುತ್ತದೆ. ಹಿಂದೆ ಐಗಳು ಮಗುವಿನ ಕೈ ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದುದರ ಉದ್ದೇಶವೂ ಇದೇ ಆಗಿತ್ತು. ಹಾಗೆಂದು ನೋಡಿದರಷ್ಟೇ ಸಾಲದು, ನೋಡಿದ ಕೂಡಲೇ ಬೆರಳು ಮರಳಿನ ಮೇಲೋ ಸ್ಲೇಟಿನ ಮೇಲೋ ಓಡಬೇಕು.

'ನೆನೆ', 'ನಂಬು', 'ಇಷ್ಟಪಡು' ಎಂಬಂಥ ಮನಸ್ಸಿನ ಕ್ರಿಯೆಗಳಿಗೆ ಮಾತ್ರ ಈ ಉಪಾಯ ಫಲಿಸುವುದಿಲ್ಲ. ಅವುಗಳಿಗೆ ಕತೆಯೇ ಬೇಕು.

ನಿಲ್ಲದ ಚಿತ್ರ ಹೇಳದ ಮಾತು

ಚಲಿಸುವ ಚಿತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 'ಜಿಫ್' ಎಂಬ ರೂಪ. 1987ರಲ್ಲಿ ಅಮೆರಿಕದ ಕಂಪ್ಯುಸರ್ವ್ ಸಂಸ್ಥೆಯ ಸ್ಟೀವ್ ವಿಲ್‌ಹೈಟ್ ಮತ್ತು ತಂಡದವರು ರೂಪಿಸಿದ ಇದರಲ್ಲಿ ಒಂದು ಚಿತ್ರಕ್ಕೆ 256 ಬಣ್ಣಗಳ ಮಿತಿಯಿದೆ, ಧ್ವನಿಯಿಲ್ಲ. ಚಿಕ್ಕ ಗಾತ್ರದ ಚಿತ್ರವನ್ನು ಒಮ್ಮೆ ಮೊಬೈಲಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓಡುತ್ತದೆ. ಧ್ವನಿ ಇಲ್ಲದಿರುವುದು ಭಾಷಾ ಪಾಠಕ್ಕೆ ಕೊರತೆಯಲ್ಲ, ಅನುಕೂಲವೇ ಸರಿ. ಮಾತು ಯಂತ್ರದಿಂದ ಬರುವ ಬದಲು ಶಿಕ್ಷಕರ ಬಾಯಿಂದ, ಮಕ್ಕಳ ಬಾಯಿಂದ ಬರುತ್ತದೆ.

ತೊಡಕಿರುವುದು ಬೇರೆಡೆ. ಈ ಚಿತ್ರಗಳು ಸಾಮಾನ್ಯವಾಗಿ ಮುಗಿದೊಡನೆ ಮತ್ತೆ ಮೊದಲಿನಿಂದ ಆರಂಭವಾಗುತ್ತವೆ. ಓಡುವುದು, ಈಜುವುದು, ಗುಡಿಸುವುದು, ತೂಗುವುದು ಮುಂತಾದ ಮುಂದುವರಿಯುವ ಕ್ರಿಯೆಗಳಿಗೆ ಈ ಪುನರಾವರ್ತನೆ ಒಪ್ಪುತ್ತದೆ. ಆದರೆ ಮಡಕೆ ಒಡೆಯುವ ಚಿತ್ರ? ಮಡಕೆ ಒಡೆಯುತ್ತದೆ, ಮರುಗಳಿಗೆಯಲ್ಲಿ ಇಡಿಯಾಗಿ ನಿಲ್ಲುತ್ತದೆ, ಮತ್ತೆ ಒಡೆಯುತ್ತದೆ. ಅಲ್ಲಿ ಕ್ರಿಯೆ ಎಂದೂ ಮುಗಿಯುವುದೇ ಇಲ್ಲ. 'ಒಡೆಯುತ್ತಿದೆ' ಎನ್ನಬಹುದೇ ಹೊರತು 'ಒಡೆಯಿತು', 'ಒಡೆದಿದೆ' ಎನ್ನಲು ಆ ಚಿತ್ರ ಅವಕಾಶವನ್ನೇ ಕೊಡುವುದಿಲ್ಲ. ಬೀಳು, ಮುರಿ, ತೆರೆ, ಕಟ್ಟು, ತುಂಬು - ಇವೆಲ್ಲ ಒಂದು ಕೊನೆಯನ್ನು ಬೇಡುವ ಕ್ರಿಯೆಗಳು. ಭೂತಕಾಲವನ್ನು ಕಲಿಸಬೇಕಾದರೆ ಚಿತ್ರ ಕೊನೆಯ ಭಂಗಿಯಲ್ಲಿ ನಿಲ್ಲಲೇಬೇಕು. ಕೆಳಗೆ ಚೂರುಗಳು ಬಿದ್ದಿರಬೇಕು, ಆಗ ಶಿಕ್ಷಕರು 'ಏನಾಯಿತು?' ಎಂದು ಕೇಳಬೇಕು. ಚಲನೆ 'ಏನಾಗುತ್ತಿದೆ' ಎಂಬುದನ್ನು ಕಲಿಸಿದರೆ ನಿಲುಗಡೆ 'ಏನಾಯಿತು' ಎಂಬುದನ್ನು ಕಲಿಸುತ್ತದೆ.

ಒಂದೇ ಚಿತ್ರ, ಹಲವು ಮಕ್ಕಳು

ಸಮನ್ವಯ ತರಗತಿಯಲ್ಲಿ ಈ ನಿಲುಗಡೆಗೆ ಇನ್ನೂ ಹೆಚ್ಚಿನ ಬೆಲೆಯಿದೆ.

ಕಿವಿ ಕೇಳುವ ಮಗು ಚಿತ್ರವನ್ನು ನೋಡುತ್ತಲೇ ಶಿಕ್ಷಕರ ಮಾತನ್ನು ಕೇಳಬಲ್ಲುದು. ಕಿವುಡು ಮಗುವಿಗೆ ಚಿತ್ರವೂ ಮಾತೂ ಎರಡೂ ಬರಬೇಕಾದುದು ಕಣ್ಣಿನ ಮೂಲಕವೇ. ಪರದೆಯನ್ನು ನೋಡಿದರೆ ಶಿಕ್ಷಕರ ತುಟಿ, ಕೈಗಳು ತಪ್ಪಿಹೋಗುತ್ತವೆ. ಶಿಕ್ಷಕರನ್ನು ನೋಡಿದರೆ ಚಿತ್ರ ಮುಂದೆ ಹೋಗಿರುತ್ತದೆ. ಆದ್ದರಿಂದ ಚಿತ್ರ ತೋರಿಸಿ, ನಿಲ್ಲಿಸಿ, ಮಗು ತಮ್ಮತ್ತ ತಿರುಗಿದ ಮೇಲೆ ಸಂಜ್ಞೆಯನ್ನೂ ಬರೆದ ಪದವನ್ನೂ ತೋರಿಸಿ, ಮತ್ತೆ ಚಿತ್ರ ಓಡಿಸುವುದು ಸರಿಯಾದ ಕ್ರಮ. ಸರಿಯಾದ ಸಂಜ್ಞೆಗಾಗಿ 2015ರಲ್ಲಿ ಸ್ಥಾಪನೆಯಾದ ನವದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ವಿಡಿಯೋ ನಿಘಂಟನ್ನು ನೋಡಬಹುದು. 2021ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಅದರ ಮೂರನೇ ಆವೃತ್ತಿಯಲ್ಲಿ ಪದಗಳ ಸಂಖ್ಯೆ 10,000 ತಲುಪಿತ್ತು.

ಆಟಿಸಂ ಇರುವ ಕೆಲವು ಮಕ್ಕಳು ತಿರುಗಿ ತಿರುಗಿ ಬರುವ ಚಲನೆಯಲ್ಲೇ ಮುಳುಗಿಬಿಡುವುದುಂಟು. ಚಕ್ರದ ಸುತ್ತಾಟ ಅವರನ್ನು ಹಿಡಿದಿಡುತ್ತದೆ, 'ಹುಡುಗಿ ಸೈಕಲ್ ತುಳಿಯುತ್ತಾಳೆ' ಎಂಬ ಮಾತು ಒಳಗಿಳಿಯುವುದಿಲ್ಲ. ಖಾಲಿ ಹಿನ್ನೆಲೆ, ಒಂದೇ ಕ್ರಿಯೆ, ಎರಡು ಮೂರು ಆವರ್ತನೆ, ಆಮೇಲೆ ನಿಲುಗಡೆ - ಇದರಿಂದ ಅಂಥವರಿಗೂ, ಗಮನ ಬೇಗ ಚದುರುವ ಇತರ ಮಕ್ಕಳಿಗೂ ಅನುಕೂಲವಾಗುತ್ತದೆ. ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಗುವಿಗೆ ಅದೇ ಚಿತ್ರವನ್ನು ಮರುದಿನ, ಅದರ ಮರುದಿನ ತೋರಿಸುವ ತಾಳ್ಮೆ ಬೇಕು. ಮಿದುಳಿನ ಪಾರ್ಶ್ವವಾಯುವಿನಿಂದಾಗಿ ಮಾತಾಡಲಾಗದ ಮಗು ಉತ್ತರವನ್ನು ಬಲ್ಲುದು, ಹೇಳಲಾರದು. ಅದರ ಮುಂದೆ ನಿಂತ ಎರಡು ಚಿತ್ರಗಳನ್ನಿಟ್ಟು 'ಯಾವುದು ಬಿತ್ತು?' ಎಂದು ಕೇಳಿದರೆ ಅದು ನೋಟದಿಂದಲೇ ತೋರಿಸಬಲ್ಲುದು. ಅದಕ್ಕೆ ಬೇಕಾಗುವ ಸಮಯವನ್ನು ಕೊಡುವುದಷ್ಟೇ ಉಳಿದವರ ಕೆಲಸ.

ಕಣ್ಣು ಕಾಣದ ಮಗುವಿಗೆ ಚಿತ್ರ ಸ್ಥಿರವಾಗಿದ್ದರೇನು, ಚಲಿಸಿದರೇನು? ಈ ಪ್ರಶ್ನೆಯನ್ನು ಕೇಳಿಕೊಳ್ಳದ ಪಾಠ ಒಂದು ಮಗುವನ್ನು ಒಳಗೆ ಕರೆದು ಇನ್ನೊಂದನ್ನು ಹೊರಗೆ ನಿಲ್ಲಿಸಿದಂತೆ. ಪರಿಹಾರ ಹಳೆಯದೇ. ಆಜ್ಞೆಯನ್ನು ಕೇಳಿ ದೇಹದಿಂದಲೇ ಉತ್ತರಿಸುವ ಭಾಷಾ ಬೋಧನೆಯ ವಿಧಾನವನ್ನು ಅಮೆರಿಕದ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ್ದರು. 'ಏಳು', 'ಕುಳಿತುಕೋ', 'ತಳ್ಳು', 'ತಿರುಗು' ಎಂಬುದನ್ನು ಮೊದಲು ಎಲ್ಲ ಮಕ್ಕಳೂ ಮೈಯಿಂದ ಮಾಡಿ ಕಲಿತರೆ, ಚಿತ್ರ ಬರುವ ಹೊತ್ತಿಗೆ ಕಣ್ಣು ಕಾಣದ ಮಗುವಿಗೂ ಪದ ಬಂದಿರುತ್ತದೆ. ಪರದೆಯ ಮೇಲೆ ನಡೆಯುವುದನ್ನು ಪಕ್ಕದ ಮಗು ಅದಕ್ಕೆ ಕನ್ನಡದಲ್ಲಿ ವಿವರಿಸಲಿ. ಹೇಳುವ ಮಗುವಿಗೆ ಅದಕ್ಕಿಂತ ಒಳ್ಳೆಯ ಭಾಷಾಭ್ಯಾಸ ಬೇರೊಂದಿಲ್ಲ. ಮಂದದೃಷ್ಟಿಯ ಮಕ್ಕಳಿಗಾದರೆ ದೊಡ್ಡ ಆಕೃತಿ, ದಪ್ಪ ಗೆರೆ, ಹಿನ್ನೆಲೆಗಿಂತ ಎದ್ದುಕಾಣುವ ಬಣ್ಣ ಮತ್ತು ನಿಧಾನ ಗತಿ ಬೇಕು.

ಮಿನುಗುವ ಚಿತ್ರ ಬೇಡ

ಮೂರ್ಛೆರೋಗವಿರುವ ಮಕ್ಕಳ ವಿಷಯದಲ್ಲಿ ಎಚ್ಚರ ಅತ್ಯಗತ್ಯ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ 'ಪೋಕೆಮಾನ್' ಕಾರ್ಟೂನಿನ ಒಂದು ಕಂತು ಪ್ರಸಾರವಾದಾಗ, ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದ ದೃಶ್ಯವೊಂದರ ಪರಿಣಾಮವಾಗಿ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಬೆಳಕಿನ ಮಿನುಗಿಗೆ ಮೂರ್ಛೆ ಬರುವವರು ಮೂರ್ಛೆರೋಗಿಗಳಲ್ಲಿ ಶೇಕಡಾ 3ರಷ್ಟು ಮಾತ್ರವಾದರೂ, ಇದು ಮಕ್ಕಳು ಮತ್ತು ಹದಿಹರೆಯದವರಲ್ಲೇ ಹೆಚ್ಚು. 2008ರಲ್ಲಿ ಪ್ರಕಟವಾದ ಅಂತರ್ಜಾಲ ಸುಗಮ್ಯತಾ ಮಾರ್ಗಸೂಚಿಯ ಎರಡನೇ ಆವೃತ್ತಿ ಈ ಬಗ್ಗೆ ಎರಡು ನಿಯಮಗಳನ್ನು ಹೇಳಿದೆ. ಯಾವ ಚಿತ್ರವೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿನುಗಬಾರದು. ತಾನಾಗಿ ಆರಂಭವಾಗಿ, ಬೇರೆ ವಿಷಯದ ಜೊತೆಜೊತೆಗೇ ಐದು ಸೆಕೆಂಡಿಗಿಂತ ಹೆಚ್ಚು ಕಾಲ ಚಲಿಸುವ ಚಿತ್ರವನ್ನು ನಿಲ್ಲಿಸುವ ಅಥವಾ ಮರೆಮಾಡುವ ಸೌಲಭ್ಯ ನೋಡುಗನಿಗೆ ಇರಬೇಕು. ವೆಬ್‌ಸೈಟುಗಳಿಗಾಗಿ ಮಾಡಿದ ಈ ನಿಯಮಗಳು ತರಗತಿಗೂ ಅಷ್ಟೇ ಯೋಗ್ಯ.

ತಯಾರಿಕೆ ಕಷ್ಟವಲ್ಲ

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಉಚಿತವಾಗಿ ದೊರೆಯುವ 'ಗಿಂಪ್' ತಂತ್ರಾಂಶದಲ್ಲಿ ಪ್ರತಿ ಭಂಗಿಯನ್ನೂ ಒಂದೊಂದು ಪದರದಲ್ಲಿ ಬರೆದು ಜಿಫ್ ಆಗಿ ಉಳಿಸುವಾಗ ಅನಿಮೇಷನ್ ಎಂಬ ಆಯ್ಕೆಯನ್ನು ಗುರುತು ಮಾಡಿದರೆ ಚಿತ್ರ ಚಲಿಸುತ್ತದೆ. ಅಲ್ಲಿಯೇ ಇರುವ ನಿರಂತರ ಪುನರಾವರ್ತನೆಯ ಗುರುತನ್ನು ತೆಗೆದರೆ ಚಿತ್ರ ಒಮ್ಮೆ ಓಡಿ ಕೊನೆಯ ಭಂಗಿಯಲ್ಲಿ ನಿಲ್ಲುತ್ತದೆ. 'ಒಡೆಯಿತು' ಎನ್ನಲು ಬೇಕಾದುದು ಇದೇ. ನಡುವೆ ಬೇಕೆಂದಾಗ ನಿಲ್ಲಿಸಬೇಕಾದರೆ ಜಿಫ್‌ಗಿಂತ ಕಿರು ವಿಡಿಯೋ ವಾಸಿ, ಏಕೆಂದರೆ ಜಿಫ್‌ನಲ್ಲಿ ನಿಲ್ಲಿಸುವ ಗುಂಡಿ ಸಾಮಾನ್ಯವಾಗಿ ಇರುವುದಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳಿಂದಲೇ ನೀರು ಸುರಿಸಿ, ಬಾಗಿಲು ತೆರೆಯಿಸಿ, ಮೂರು ನಾಲ್ಕು ಸೆಕೆಂಡುಗಳ ವಿಡಿಯೋ ತೆಗೆಯಬಹುದು. ಮಕ್ಕಳ ಮುಖವಿರುವ ಇಂಥ ವಿಡಿಯೋಗೆ ಪೋಷಕರ ಒಪ್ಪಿಗೆ ಬೇಕು, ಅದು ತರಗತಿಯಿಂದ ಹೊರಗೆ ಹೋಗಬಾರದು.

ವಿದ್ಯುತ್ ಇಲ್ಲದ ಊರಿಗೂ ದಾರಿಯಿದೆ. ಹಳೆಯ ನೋಟ್‌ಪುಸ್ತಕದ ಹತ್ತು ಹನ್ನೆರಡು ಹಾಳೆಗಳ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಬದಲಾಗುವ ಚಿತ್ರ ಬರೆದು ಹೆಬ್ಬೆರಳಿನಿಂದ ಸರಸರನೆ ಮಗುಚಿದರೆ ಚೆಂಡು ಪುಟಿಯುತ್ತದೆ. ಬೇಕಾದಲ್ಲಿ ಬೆರಳು ಬಿಗಿಹಿಡಿದರೆ ನಿಲ್ಲುತ್ತದೆ. ವೇಗವೂ ನಿಲುಗಡೆಯೂ ಮಗುವಿನ ಕೈಯಲ್ಲೇ ಇರುವ ಈ ಪುಸ್ತಕ ಎಷ್ಟೋ ತಂತ್ರಾಂಶಗಳಿಗಿಂತ ಮೇಲು.

ಹತ್ತು ನಿಮಿಷದ ಪಾಠವೊಂದನ್ನು ಹೀಗೆ ಜೋಡಿಸಬಹುದು. ಮೊದಲು ಪದವನ್ನು ಎಲ್ಲರೂ ಮೈಯಿಂದ ಮಾಡುವುದು. ಬಳಿಕ ಚಿತ್ರವನ್ನು ಮಾತಿಲ್ಲದೆ ಒಮ್ಮೆ ನೋಡುವುದು. ಎರಡನೇ ಬಾರಿ 'ಏನು ಮಾಡುತ್ತಿದ್ದಾಳೆ?', ನಿಲ್ಲಿಸಿದ ಮೇಲೆ 'ಏನು ಮಾಡಿದಳು?' ಎಂಬ ಪ್ರಶ್ನೆ. ಆಮೇಲೆ ಬರೆದ ಪದದ ಕಾರ್ಡು ಮತ್ತು ಸಂಜ್ಞೆ. ಕೊನೆಗೆ ಪರದೆ ಆರಿಸಿ, ಅದೇ ಪದವನ್ನು ಬೇರೊಂದು ವಸ್ತುವಿನೊಡನೆ ಬಳಸುವುದು. ಪರದೆಯ ಮೇಲೆ ನೀರು ಸುರಿದಿದ್ದರೆ ತರಗತಿಯಲ್ಲಿ ಹುಣಸೆಬೀಜ ಸುರಿಯಲಿ. ಆ ಪದ ಚಿತ್ರವನ್ನು ಬಿಟ್ಟು ಮಗುವಿನ ಬಾಯಿಗೆ ಬಂದಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

2021ರ ಜುಲೈನಲ್ಲಿ ಆರಂಭವಾದ ಕೇಂದ್ರ ಸರ್ಕಾರದ 'ನಿಪುಣ ಭಾರತ' ಕಾರ್ಯಕ್ರಮ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥವರಿತು ಓದಬೇಕೆಂಬ ಗುರಿಗೆ 2026-27ರ ಗಡುವನ್ನು ಇರಿಸಿತು. 'ಪ್ರತಿ ಮಗು' ಎಂಬ ಮಾತಿನಲ್ಲಿ ಹಿಂದಿನ ಬೆಂಚಿನಲ್ಲಿ ಮಾತಾಡದೆ ಕುಳಿತ ಮಗುವೂ ಸೇರಿದೆ. ಅದಕ್ಕೆ ಬೇಕಾಗಿರುವುದು ಥಳಕಿನ ಪರದೆಯಲ್ಲ. ಅರ್ಥವನ್ನು ಮಾತ್ರ ಚಲಿಸಿ ತೋರಿಸುವ, ತನಗಾಗಿ ನಿಲ್ಲುವ ಒಂದು ಚಿತ್ರ. ಅದು ನಿಂತಾಗ ಉತ್ತರಕ್ಕಾಗಿ ಕಾಯುವ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ.